ಮಿದುಳಿನೊಳಗಿನ ಲೋಹಗಳ ಲೆಕ್ಕ: ಪ್ರಿಯಾನ್ ರೋಗದಲ್ಲಿ ತಪ್ಪುವುದೆಲ್ಲಿ?



ಇಂದಿನ ಮಾತು ಬಹಳ ಅಪರೂಪದ ಒಂದು ಮಿದುಳಿನ ರೋಗದ ಬಗ್ಗೆ. ಅಪರೂಪದ್ದಾದರೆ ನಮಗೇಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ.

ಮೊದಲನೆಯದು ನಾವಿರುವ ಈ ಕುವೈತ್. 2014ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬ ರೋಗಿ ತೀರಿಕೊಂಡರು. ಮನಸ್ಸಿನ ಕಾಯಿಲೆಯಂತೆ ಶುರುವಾಗಿದ್ದು ಕೊನೆಗೆ ಮಿದುಳನ್ನೇ ತಿಂದು ಹಾಕಿತ್ತು. ಪರೀಕ್ಷೆ ಮಾಡಿದಾಗ ಅದು ‘ವೇರಿಯೆಂಟ್ ಸಿಜೆಡಿ’ ಎಂದು ಖಚಿತವಾಯಿತು. ‘ಹುಚ್ಚು ಹಸುವಿನ ರೋಗ’ ಎಂದು ಪತ್ರಿಕೆಗಳಲ್ಲಿ ಓದಿದ್ದೇವಲ್ಲ, ಅದು ಮನುಷ್ಯರಿಗೆ ಬಂದಾಗ ಪಡೆಯುವ ರೂಪ ಇದು. ಅಮೆರಿಕದಲ್ಲಿ ಸಿಕ್ಕ ನಾಲ್ಕನೆಯ ಪ್ರಕರಣ. ಮೊದಲಿನ ಮೂವರಲ್ಲಿ ಇಬ್ಬರಿಗೆ ಬ್ರಿಟನ್ನಿನಲ್ಲಿ, ಒಬ್ಬರಿಗೆ ಸೌದಿ ಅರೇಬಿಯಾದಲ್ಲಿ ಸೋಂಕು ತಗುಲಿರಬೇಕೆಂದು ತೀರ್ಮಾನವಾಗಿತ್ತು. ಈ ನಾಲ್ಕನೆಯವರು ಅಮೆರಿಕಕ್ಕೆ ಹೋಗುವ ಮೊದಲು ವಾಸವಾಗಿದ್ದ ದೇಶಗಳೆಂದು ಅಲ್ಲಿನ ಆರೋಗ್ಯ ಇಲಾಖೆ ದಾಖಲಿಸಿದ್ದು ಕುವೈತ್, ರಷ್ಯಾ ಮತ್ತು ಲೆಬನಾನ್. ಅಮೆರಿಕದ ಹೊರಗೆ, ಹತ್ತು ವರ್ಷಕ್ಕೂ ಹಿಂದೆ ತಿಂದ ಸೋಂಕಿತ ದನದ ಮಾಂಸದಿಂದ ಬಂದಿರಬೇಕು ಎಂದರು. ಯಾವ ದೇಶದಲ್ಲಿ ಎಂದು ಬೊಟ್ಟು ಮಾಡಿ ಹೇಳಲಾಗಲಿಲ್ಲ.

ಇದನ್ನು ಕೇಳಿ ಹೆದರುವುದು ಬೇಡ. ಜಗತ್ತಿನಲ್ಲಿ ಇದುವರೆಗೆ ಈ ರೂಪದ ರೋಗ ಬಂದವರು ಸುಮಾರು 230 ಮಂದಿ ಮಾತ್ರ. ಅವರಲ್ಲಿ 178 ಮಂದಿ ಬ್ರಿಟನ್ನಿನವರು. ಈಗಂತೂ ಹೊಸ ರೋಗಿಗಳು ಕಾಣಿಸಿಕೊಳ್ಳುವುದೇ ವಿರಳ. ಆದರೆ ಊರೂರು ತಿರುಗಿ ದುಡಿಯುವ ನಮ್ಮಂಥವರಿಗೆ ಇದರಲ್ಲೊಂದು ಪಾಠವಿದೆ. ರೋಗದ ಚರಿತ್ರೆ ಪಾಸ್‌ಪೋರ್ಟಿನಷ್ಟೇ ಉದ್ದವಾಗಿರಬಹುದು.

ಎರಡನೆಯ ಕಾರಣ ಲೋಹಗಳು. ಮರೆವು ಬಂತೆಂದರೆ ತಾಮ್ರದ ಚೊಂಬಿನ ನೀರು ಕುಡಿಯಿರಿ, ಸತುವಿನ ಮಾತ್ರೆ ನುಂಗಿ, ದೇಹದಲ್ಲಿ ಸೇರಿದ ಲೋಹವನ್ನು ತೆಗೆಸಿ ಎಂಬ ಸಲಹೆಗಳಿಗೆ ಬರವಿಲ್ಲ. ಪ್ರಿಯಾನ್ ರೋಗದಲ್ಲಿ ಮಿದುಳಿನ ಲೋಹಗಳ ಲೆಕ್ಕ ತಪ್ಪುತ್ತದೆ ಎಂಬುದು ವಿಜ್ಞಾನಿಗಳೇ ಕಂಡುಕೊಂಡ ಸತ್ಯ. ಆದರೆ ಆ ಸತ್ಯದಿಂದ ಈ ಸಲಹೆಗಳು ಹುಟ್ಟುತ್ತವೆಯೇ? ಇಂದು ನೋಡಬೇಕಾದದ್ದು ಇದನ್ನೇ.

ಮೊದಲು ಪ್ರಿಯಾನ್ ಎಂದರೇನು? ನಮ್ಮ ನರಕೋಶಗಳ ಹೊರಮೈಯಲ್ಲಿ ಒಂದು ಪ್ರೋಟೀನ್ ಇದೆ. ಹೆಸರು ಪ್ರಿಯಾನ್ ಪ್ರೋಟೀನ್. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ, ಹಸು, ಕುರಿ, ಇಲಿಗಳಲ್ಲೂ ಇದೆ. ಅದು ಸರಿಯಾಗಿ ಮಡಿಚಿಕೊಂಡಿರುವವರೆಗೆ ಯಾವ ತೊಂದರೆಯೂ ಇಲ್ಲ. ಅದೇ ಪ್ರೋಟೀನ್ ತಪ್ಪಾಗಿ ಮಡಿಚಿಕೊಂಡರೆ ಕೆಡುವುದು ತಾನೊಂದೇ ಅಲ್ಲ, ಪಕ್ಕದಲ್ಲಿರುವ ಒಳ್ಳೆಯ ಪ್ರೋಟೀನನ್ನೂ ತನ್ನಂತೆ ಮಾಡಿಬಿಡುತ್ತದೆ. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗ್ಗೆ ಇಡೀ ಪಾತ್ರೆ ಮೊಸರಾಗುವ ಹಾಗೆ. ವ್ಯತ್ಯಾಸವೆಂದರೆ ಮೊಸರಿನ ಹೆಪ್ಪಿನಲ್ಲಿ ಜೀವಾಣುಗಳಿರುತ್ತವೆ. ಇಲ್ಲಿ ಬ್ಯಾಕ್ಟೀರಿಯಾ ಇಲ್ಲ, ವೈರಸ್ ಇಲ್ಲ. ಬರೀ ಪ್ರೋಟೀನೇ ಪ್ರೋಟೀನಿಗೆ ಹೆಪ್ಪು. ಈ ಮಾತನ್ನು 1982ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಪ್ರೂಸಿನರ್ ಹೇಳಿದಾಗ ನಂಬದವರೇ ಹೆಚ್ಚು. 1997ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಮಾಂಸದಿಂದ ಬರುವ ರೂಪ ಈ ರೋಗಗಳ ಗುಂಪಿನಲ್ಲಿ ಒಂದು ಚಿಕ್ಕ ಭಾಗ. ಸಿಜೆಡಿ, ಅಂದರೆ ಕ್ರಾಯಿಟ್ಜ್‌ಫೆಲ್ಟ್-ಯಾಕೋಬ್ ರೋಗ ಬಂದ ನೂರರಲ್ಲಿ ಸುಮಾರು 85 ಮಂದಿಗೆ ಅದು ಯಾವ ಹೊರಗಿನ ಕಾರಣವೂ ಇಲ್ಲದೆ ತಾನಾಗಿಯೇ ಬರುತ್ತದೆ, ಹೆಚ್ಚಾಗಿ ಅರವತ್ತರ ಆಸುಪಾಸಿನಲ್ಲಿ. 10ರಿಂದ 15 ಮಂದಿಗೆ ವಂಶವಾಹಿಯಲ್ಲಿ ಬಂದ ದೋಷ ಕಾರಣ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ರೋಗ. ಆದರೆ ಬಂದರೆ ವೇಗ ಭಯಂಕರ. ಮರೆವು, ತೂರಾಟ, ಮೈ ಬೆಚ್ಚಿಬಿದ್ದಂತೆ ಅದಿರುವುದು, ಕೆಲವರಿಗೆ ದೃಷ್ಟಿಯ ತೊಂದರೆ. ಹೆಚ್ಚಿನವರು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಾರೆ.

ನಮ್ಮ ನಾಡಿಗೂ ಇದು ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಡಾ. ಎಸ್. ಕೆ. ಶಂಕರ್ ಅವರು 1971ರಿಂದ 1990ರವರೆಗೆ ಭಾರತದಲ್ಲಿ ಕಂಡ ಸಿಜೆಡಿ ಪ್ರಕರಣಗಳನ್ನು ಒಟ್ಟುಗೂಡಿಸಿ 1991ರಲ್ಲಿ ಪ್ರಕಟಿಸಿದರು. 1995ರಲ್ಲಿ ಅದೇ ಸಂಸ್ಥೆಯಲ್ಲಿ ಡಾ. ಶಂಕರ್ ಮಿದುಳು ಬ್ಯಾಂಕನ್ನು ಕಟ್ಟಿದರು. ಬ್ಯಾಂಕ್ ಎಂದರೆ, ತೀರಿಕೊಂಡವರ ಕುಟುಂಬದವರು ದಾನವಾಗಿ ಕೊಟ್ಟ ಮಿದುಳನ್ನು ಸಂಶೋಧನೆಗಾಗಿ ಕಾಪಾಡುವ ಜಾಗ. ಮಿದುಳಿನಲ್ಲಿ ಯಾವ ಲೋಹ ಎಷ್ಟಿದೆ, ಯಾವುದಕ್ಕೆ ಅಂಟಿಕೊಂಡಿದೆ ಎಂದು ಕರಾರುವಾಕ್ಕಾಗಿ ಅಳೆಯಲು ಬದುಕಿರುವವರಲ್ಲಿ ಸಾಧ್ಯವಿಲ್ಲ. ಮುಂದೆ ನಾನು ಹೇಳುವ ಎಷ್ಟೋ ಸಂಗತಿಗಳು ಜಗತ್ತಿನ ಬೇರೆ ಬೇರೆ ಕಡೆ ಹೀಗೆ ದಾನ ಕೊಟ್ಟವರ ಉಪಕಾರದಿಂದಲೇ ತಿಳಿದವು.

ಈಗ ಲೋಹಗಳಿಗೆ ಬರೋಣ. ವಯಸ್ಕನ ದೇಹದಲ್ಲಿ ಮೂರು ನಾಲ್ಕು ಗ್ರಾಂ ಕಬ್ಬಿಣ, ಸುಮಾರು ಎರಡು ಗ್ರಾಂ ಸತು, ನೂರು ಮಿಲಿಗ್ರಾಂ ಆಸುಪಾಸು ತಾಮ್ರ, ಅದಕ್ಕಿಂತಲೂ ಬಹಳ ಕಡಿಮೆ ಮ್ಯಾಂಗನೀಸ್ ಇರುತ್ತದೆ. ಇಷ್ಟೇ ಇಷ್ಟು. ಆದರೆ ಇಷ್ಟಿಲ್ಲದೆ ಮಿದುಳು ನಡೆಯುವುದಿಲ್ಲ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮಿದುಳು ನಾವು ಉಸಿರಾಡುವ ಆಮ್ಲಜನಕದ ಐದನೇ ಒಂದು ಭಾಗವನ್ನು ಬಳಸುತ್ತದೆ. ಆ ಆಮ್ಲಜನಕವನ್ನು ಶಕ್ತಿಯಾಗಿ ಬದಲಿಸುವ ಕೆಲಸಕ್ಕೆ ಕಬ್ಬಿಣವೂ ತಾಮ್ರವೂ ಬೇಕು. ಆದರೆ ಇವೇ ಲೋಹಗಳು ಯಾರ ಹಿಡಿತಕ್ಕೂ ಸಿಗದೆ ಸುಮ್ಮನೆ ಅಲೆದರೆ ಆಮ್ಲಜನಕದೊಂದಿಗೆ ಸೇರಿ ಕೋಶವನ್ನೇ ಸುಡುವ ಕಣಗಳನ್ನು ಹುಟ್ಟಿಸುತ್ತವೆ. ಒಲೆಯೊಳಗಿನ ಕೆಂಡ ಅನ್ನ ಬೇಯಿಸುತ್ತದೆ, ಸೂರಿಗೆ ಹಾರಿದ ಕೆಂಡ ಮನೆ ಸುಡುತ್ತದೆ. ಹಾಗಾಗಿ ದೇಹ ಪ್ರತಿಯೊಂದು ಲೋಹದ ಪರಮಾಣುವನ್ನೂ ಯಾವುದಾದರೊಂದು ಪ್ರೋಟೀನಿನ ಕೈಗೆ ಒಪ್ಪಿಸಿರುತ್ತದೆ.

ಆ ಕೈಗಳಲ್ಲಿ ಪ್ರಿಯಾನ್ ಪ್ರೋಟೀನೂ ಒಂದು. ಅದರ ಬಾಲದಂಥ ತುದಿಯಲ್ಲಿ ಎಂಟು ಅಮೈನೋ ಆಮ್ಲಗಳ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ, ಸರದಲ್ಲಿ ಒಂದೇ ಮಾದರಿಯ ಮಣಿಗಳ ಗುಚ್ಛ ಮರಳಿ ಮರಳಿ ಪೋಣಿಸಿದ ಹಾಗೆ. ಆ ಜಾಗ ನಾಲ್ಕು ತಾಮ್ರದ ಪರಮಾಣುಗಳನ್ನು ಹಿಡಿದುಕೊಳ್ಳಬಲ್ಲದು. ಈ ಪ್ರೋಟೀನ್ ಜೀವಂತ ದೇಹದಲ್ಲೇ ತಾಮ್ರವನ್ನು ಹಿಡಿಯುತ್ತದೆ ಎಂದು ಡೇವಿಡ್ ಬ್ರೌನ್ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಆಮೇಲೆ ನರಕೋಶದೊಳಗೆ ಸತು ಹೋಗುವುದಕ್ಕೂ ಕಬ್ಬಿಣ ಹೋಗುವುದಕ್ಕೂ ಇದು ನೆರವಾಗುತ್ತದೆ ಎಂಬ ಪುರಾವೆಗಳು ಬಂದವು. ಇದರ ವಂಶಾವಳಿಯನ್ನು ಹುಡುಕುತ್ತಾ ಹೋದವರಿಗೆ ಸಿಕ್ಕ ಪೂರ್ವಜರು ಸತುವನ್ನು ಕೋಶದೊಳಗೆ ಸಾಗಿಸುವ ಪ್ರೋಟೀನುಗಳ ಒಂದು ಹಳೆಯ ಕುಟುಂಬ. ಲೋಹ ಸಾಗಿಸುವುದು ಇದರ ರಕ್ತದಲ್ಲೇ ಇದೆ ಎನ್ನಿ.

ಹಾಗಾದರೆ ಈ ಪ್ರೋಟೀನೇ ಕೆಟ್ಟಾಗ ಏನಾಗಬೇಕು? 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಾನಾಗಿಯೇ ಬಂದ ಸಿಜೆಡಿಯಿಂದ ತೀರಿಕೊಂಡವರ ಮಿದುಳನ್ನು ಅಳೆದು ನೋಡಿದರು. ತಾಮ್ರ ಅರ್ಧದಷ್ಟರವರೆಗೆ ಇಳಿದಿತ್ತು. ಮ್ಯಾಂಗನೀಸ್ ಸುಮಾರು ಹತ್ತು ಪಟ್ಟು ಏರಿತ್ತು. ಪ್ರಿಯಾನ್ ಪ್ರೋಟೀನನ್ನೇ ಬೇರ್ಪಡಿಸಿ ನೋಡಿದಾಗ ತಾಮ್ರ ಇರಬೇಕಾದ ಜಾಗದಲ್ಲಿ ಮ್ಯಾಂಗನೀಸ್ ಕುಳಿತಿತ್ತು, ಸ್ವಲ್ಪ ಮಟ್ಟಿಗೆ ಸತುವೂ ಕುಳಿತಿತ್ತು. ತಾಮ್ರ ಹಿಡಿದಿರುವ ಪ್ರೋಟೀನಿಗೆ ಕೋಶವನ್ನು ಸುಡುವ ಕಣಗಳಿಂದ ಕಾಪಾಡುವ ಶಕ್ತಿ ಇದೆ ಎಂದು ಅದೇ ಸಂಶೋಧಕರ ಅಭಿಪ್ರಾಯ. ಮ್ಯಾಂಗನೀಸ್ ಬಂದು ಕುಳಿತರೆ ಆ ಶಕ್ತಿ ಕುಗ್ಗುತ್ತದೆ, ಜೊತೆಗೆ ಪ್ರೋಟೀನಿನ ಆಕಾರವೂ ಬದಲಾಗುತ್ತದೆ.

ಇದಕ್ಕಿಂತ ಸೋಜಿಗದ್ದು ಕಬ್ಬಿಣದ ಕಥೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ನೀನಾ ಸಿಂಗ್ ಅವರ ತಂಡ 2009ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿತು. ಸಿಜೆಡಿ ಬಂದ ಮಿದುಳಿನಲ್ಲಿ ಕಬ್ಬಿಣಕ್ಕೆ ಕೊರತೆಯೇನೂ ಇರಲಿಲ್ಲ. ಆದರೂ ಕೋಶಗಳು ಮಾತ್ರ ಕಬ್ಬಿಣವಿಲ್ಲದೆ ಹಸಿದವರಂತೆ ನಡೆದುಕೊಳ್ಳುತ್ತಿದ್ದವು. ಇನ್ನೂ ತಾ, ಇನ್ನೂ ತಾ ಎನ್ನುವ ಸಂಕೇತಗಳನ್ನು ಕಳಿಸುತ್ತಿದ್ದವು. ಇದು ಹೇಗೆ? ಕಬ್ಬಿಣವನ್ನು ದೇಹ ಫೆರಿಟಿನ್ ಎಂಬ ಪ್ರೋಟೀನಿನೊಳಗೆ ಕೂಡಿಡುತ್ತದೆ. ಒಂದೊಂದು ಫೆರಿಟಿನ್ ಒಂದೊಂದು ಕಣಜ. ಅದರೊಳಗೆ ನಾಲ್ಕೂವರೆ ಸಾವಿರದಷ್ಟು ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ. ಕೆಟ್ಟ ಪ್ರಿಯಾನ್ ಪ್ರೋಟೀನ್ ಈ ಕಣಜಕ್ಕೇ ಅಂಟಿಕೊಂಡು ಗಂಟುಗಟ್ಟುತ್ತದೆ. ಒಳಗಿನ ಕಬ್ಬಿಣ ಹೊರಗೆ ಬರುವಂತಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಹಾಗೆ. ಕೋಶ ಹಸಿವಿನಿಂದ ಇನ್ನಷ್ಟು ಕಬ್ಬಿಣ ತರಿಸಿಕೊಳ್ಳುತ್ತದೆ, ಅದೂ ಗಂಟಿನಲ್ಲಿ ಸೇರುತ್ತದೆ. ಒಂದೆಡೆ ಉಪವಾಸ, ಇನ್ನೊಂದೆಡೆ ಕಬ್ಬಿಣದ ರಾಶಿ.

ಕೇಳುಗರೇ, ಇಡೀ ವಿಷಯದ ತಿರುಳು ಇಲ್ಲೇ ಇದೆ. ಮಿದುಳಿನಲ್ಲಿ ಲೋಹ ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿದೆ, ಯಾರ ಕೈಯಲ್ಲಿದೆ ಎನ್ನುವುದು ಮುಖ್ಯ. ಇಂಥ ರೋಗಿಗೆ ಕಬ್ಬಿಣದ ಮಾತ್ರೆ ಕೊಟ್ಟರೆ ಬೀಗ ಬಿದ್ದ ಕಣಜಕ್ಕೆ ಇನ್ನಷ್ಟು ಮೂಟೆ ತಂದು ಒಟ್ಟಿದ ಹಾಗೆ. ಕಬ್ಬಿಣ ತೆಗೆಯುವ ಔಷಧಿ ಕೊಟ್ಟರೆ ಹಸಿದವನ ತಟ್ಟೆಯಿಂದಲೇ ಕಸಿದ ಹಾಗೆ ಆಗಬಹುದು.

ಲೋಹದ ಏರುಪೇರೇ ರೋಗಕ್ಕೆ ಮೂಲ ಕಾರಣವಿರಬಾರದೇಕೆ ಎಂಬ ಪ್ರಶ್ನೆಯನ್ನು ಜಗತ್ತಿನ ಮುಂದೆ ಗಟ್ಟಿಯಾಗಿ ಇಟ್ಟವರು ಒಬ್ಬ ರೈತ. ಇಂಗ್ಲೆಂಡಿನ ಸಾಮರ್‌ಸೆಟ್‌ನ ಮಾರ್ಕ್ ಪರ್ಡಿ. ಹಸುಗಳ ಬೆನ್ನಿಗೆ ಸುರಿಯುತ್ತಿದ್ದ ಕೀಟನಾಶಕವೂ ಮಣ್ಣಿನಲ್ಲಿ ಮ್ಯಾಂಗನೀಸ್ ಹೆಚ್ಚಾಗಿ ತಾಮ್ರ ಕಡಿಮೆಯಾಗಿರುವುದೂ ಸೇರಿ ಹುಚ್ಚು ಹಸುವಿನ ರೋಗ ಬಂದಿದೆ ಎಂಬುದು ಅವರ ವಾದ. ಪ್ರಿಯಾನ್ ರೋಗ ಹೆಚ್ಚಾಗಿರುವ ಕೊಲರಾಡೋ, ಐಸ್‌ಲ್ಯಾಂಡ್, ಸ್ಲೊವಾಕಿಯಾಗಳಿಗೆ ಹೋಗಿ ಮಣ್ಣು, ಗಿಡಗಳ ಮಾದರಿ ಸಂಗ್ರಹಿಸಿದರು. 2006ರಲ್ಲಿ ತೀರಿಕೊಳ್ಳುವವರೆಗೂ ಪಟ್ಟು ಬಿಡಲಿಲ್ಲ. ಅವರ ಶ್ರದ್ಧೆಗೆ ಕೈ ಮುಗಿಯಬೇಕು. ಆದರೆ ಬ್ರಿಟನ್ ಸರ್ಕಾರ ನೇಮಿಸಿದ ವಿಚಾರಣೆ 2000ದಲ್ಲಿ ಕೊಟ್ಟ ವರದಿ, ಕೀಟನಾಶಕ ಈ ರೋಗಕ್ಕೆ ಕಾರಣವಲ್ಲ ಎಂದಿತು. ಸೋಂಕಿತ ಪ್ರಾಣಿಗಳ ಮಾಂಸ ಮತ್ತು ಎಲುಬಿನ ಪುಡಿಯನ್ನು ಹಸುಗಳಿಗೆ ತಿನ್ನಿಸಿದ್ದರಿಂದ ರೋಗ ಹರಡಿತ್ತು. ಆ ಮೇವನ್ನು ನಿಷೇಧಿಸಿದ ಮೇಲೆ, ರೋಗ ಹೊರಬೀಳಲು ಬೇಕಾದ ಕೆಲವು ವರ್ಷ ಕಳೆದ ನಂತರ ಪ್ರಕರಣಗಳು ಇಳಿಯುತ್ತಾ ಬಂದವು. ಮಣ್ಣಿನ ಮ್ಯಾಂಗನೀಸ್ ಮಾತ್ರ ಇದ್ದಲ್ಲೇ ಇತ್ತು.

ಔಷಧಿಯ ಕಡೆಯಿಂದ ನೋಡಿದರೂ ಇದೇ ಗೊಂದಲ. 2003ರಲ್ಲಿ ಎರಡು ಪ್ರಯೋಗಗಳು ಪ್ರಕಟವಾದವು. ಒಂದರಲ್ಲಿ ರೋಗ ತಗುಲಿಸಿದ ಇಲಿಗಳಿಗೆ ತಾಮ್ರವನ್ನು ದೇಹದಿಂದ ಹೊರಹಾಕುವ ಪೆನಿಸಿಲಮೈನ್ ಕೊಟ್ಟರು. ರೋಗ ಕೆಲವು ದಿನ ತಡವಾಗಿ ಬಂತು. ಇನ್ನೊಂದರಲ್ಲಿ ಹ್ಯಾಮ್‌ಸ್ಟರ್‌ಗಳಿಗೆ ತಾಮ್ರವನ್ನೇ ಕೊಟ್ಟರು. ಆಗಲೂ ರೋಗ ತಡವಾಗಿಯೇ ಬಂತು! ತೆಗೆದರೂ ತಡ, ಕೊಟ್ಟರೂ ತಡ. ಯಾವುದರಿಂದಲೂ ಪ್ರಾಣಿಗಳು ಬದುಕಿ ಉಳಿಯಲಿಲ್ಲ. ಲೋಹಕ್ಕೂ ರೋಗದ ನಡಿಗೆಗೂ ಸಂಬಂಧವಿದೆ ಎಂದು ಇದರಿಂದ ತಿಳಿಯುತ್ತದೆ. ರೋಗದ ಬೇರು ಬೇರೆ ಕಡೆ ಇದೆ ಎಂದೂ ತಿಳಿಯುತ್ತದೆ. ಪ್ರಿಯಾನ್ ಪ್ರೋಟೀನೇ ಇಲ್ಲದಂತೆ ಮಾಡಿದ ಇಲಿಗಳಿಗೆ ಸೋಂಕು ಚುಚ್ಚಿದರೂ ರೋಗ ಬರುವುದಿಲ್ಲ ಎಂದು 1993ರಲ್ಲೇ ಗೊತ್ತಾಗಿತ್ತು. ಆದ್ದರಿಂದಲೇ ಇಂದಿನ ಪ್ರಯತ್ನಗಳು ಆ ಪ್ರೋಟೀನಿನ ಮೇಲೆ ನೇರವಾಗಿ ಗುರಿಯಿಟ್ಟಿವೆ. ಲಂಡನ್ನಿನಲ್ಲಿ 2018-19ರಲ್ಲಿ ಆರು ರೋಗಿಗಳಿಗೆ ಅದಕ್ಕೆ ಅಂಟುವ ಪ್ರತಿಕಾಯವನ್ನು ಕೊಟ್ಟು ನೋಡಿದರು. ಆರೂ ಮಂದಿ ತೀರಿಕೊಂಡರೂ ಔಷಧಿ ಮಿದುಳನ್ನು ತಲುಪಬಲ್ಲದು ಎಂದು ಗೊತ್ತಾಯಿತು. ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ.

ಹಾಗಾದರೆ ಲೋಹದಿಂದಲೇ ಬರುವ ಮಿದುಳಿನ ಕಾಯಿಲೆ ಇಲ್ಲವೇ? ಇದೆ. ಅದನ್ನು ಹೇಳಲೇಬೇಕು, ಏಕೆಂದರೆ ಅದಕ್ಕೆ ಮದ್ದೂ ಇದೆ. ವಿಲ್ಸನ್ ಕಾಯಿಲೆಯಲ್ಲಿ ಒಂದೇ ಒಂದು ವಂಶವಾಹಿಯ ದೋಷದಿಂದ ಯಕೃತ್ತು ಹೆಚ್ಚಿನ ತಾಮ್ರವನ್ನು ಹೊರಹಾಕಲಾರದು. ತಾಮ್ರ ಯಕೃತ್ತಿನಲ್ಲಿ, ಆಮೇಲೆ ಮಿದುಳಿನಲ್ಲಿ ಸೇರುತ್ತದೆ. ಹದಿಹರೆಯದ ಮಕ್ಕಳಲ್ಲಿ ಕೈ ನಡುಕ, ತೊದಲು, ಓದಿನಲ್ಲಿ ಹಿಂದೆ ಬೀಳುವುದು, ಸಿಡುಕು ಕಾಣಿಸಬಹುದು. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದುಬಣ್ಣದ ಬಳೆಯೂ ಕಾಣಬಹುದು. ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ಕುಟುಂಬಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಒಬ್ಬ ಮಗುವಿಗೆ ಇದ್ದರೆ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಅವರನ್ನೂ ಪರೀಕ್ಷಿಸಲೇಬೇಕು. ಇಲ್ಲಿ ಪೆನಿಸಿಲಮೈನ್, ಸತು ಕೆಲಸ ಮಾಡುತ್ತವೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ತಾಮ್ರದ ಹಂಡೆಯ ಕಿಲುಬು ಬಿಟ್ಟು ಬರುವಂತೆ ಪೆನಿಸಿಲಮೈನ್ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಸತು, ಊಟದಲ್ಲಿರುವ ತಾಮ್ರವನ್ನು ಕರುಳು ಹೀರದಂತೆ ತಡೆಯುತ್ತದೆ.

ಇನ್ನೊಂದು ಉದಾಹರಣೆ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೊಟ್ಟೆಯ ತೊಂದರೆಗೆಂದು ಬಿಸ್ಮತ್ ಲೋಹದ ಔಷಧಿಯನ್ನು ದಿನಾ ತಿಂದ ನೂರಾರು ಜನರಿಗೆ ಗೊಂದಲ, ತೂರಾಟ, ಮೈ ಅದಿರುವಿಕೆ ಶುರುವಾಯಿತು. ನೋಡಲು ಸಿಜೆಡಿಯಂತೆಯೇ. ಔಷಧಿ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಮ್ಯಾಂಗನೀಸ್ ವಿಷಯಕ್ಕೆ ಬಂದರೆ, ಅದರ ಅದಿರನ್ನು ಅರೆಯುವ ಕೆಲಸಗಾರರಲ್ಲಿ ನಡಿಗೆಯೂ ಮಾತೂ ಕೆಡುವುದನ್ನು ಗ್ಲಾಸ್ಗೋದ ಕೂಪರ್ 1837ರಲ್ಲೇ ಬರೆದಿಟ್ಟಿದ್ದಾರೆ. ಸಂಡೂರಿನ ಬೆಟ್ಟಗಳಿಂದ ಬರುವುದೂ ಇದೇ ಮ್ಯಾಂಗನೀಸ್ ಅದಿರು. ವೆಲ್ಡಿಂಗ್ ಹೊಗೆಯಲ್ಲೂ ಇದೇ ಲೋಹ ಇರುತ್ತದೆ. ಇಲ್ಲಿನ ರಿಫೈನರಿಗಳಲ್ಲಿ, ವರ್ಕ್‌ಶಾಪುಗಳಲ್ಲಿ ವೆಲ್ಡಿಂಗ್ ಮಾಡುವ ನಮ್ಮ ಹುಡುಗರು ಗಾಳಿಯಾಡದ ಜಾಗದಲ್ಲಿ ಸರಿಯಾದ ಮಾಸ್ಕ್ ಇಲ್ಲದೆ ಕೆಲಸ ಮಾಡಬಾರದು. ಇದು ಪ್ರಿಯಾನ್ ರೋಗ ಅಲ್ಲ, ಆದರೆ ನಮಗೆ ಅದಕ್ಕಿಂತ ಎಷ್ಟೋ ಹತ್ತಿರದ ಅಪಾಯ.

ಈಗ ಮನೆಯ ಮಾತು. ಊರಲ್ಲಿರುವ ಅಪ್ಪನೋ ಅಮ್ಮನೋ ಫೋನಿನಲ್ಲಿ ಮಾತಾಡುವಾಗ ವಾರದಿಂದ ವಾರಕ್ಕೆ ಬದಲಾಗುತ್ತಿದ್ದಾರೆ ಅನ್ನಿಸಿದರೆ, ವಯಸ್ಸಾಯಿತು ಬಿಡಿ ಎಂದು ಸುಮ್ಮನಿರಬೇಡಿ. ವಯಸ್ಸಿನ ಮರೆವು ಹಾಗೆ ಓಡಿ ಬರುವುದಿಲ್ಲ. ನರರೋಗ ತಜ್ಞರಿಗೆ ತೋರಿಸಿ. ಕುವೈತಿನಲ್ಲಿ ಸಬಾ ವೈದ್ಯಕೀಯ ವಲಯದ ಇಬ್ನ್ ಸಿನಾ ಆಸ್ಪತ್ರೆ ನರರೋಗಗಳಿಗೆ ಹೆಸರಾದ ಸರ್ಕಾರಿ ಆಸ್ಪತ್ರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎಂ.ಆರ್.ಐ., ಇ.ಇ.ಜಿ., ಬೆನ್ನಿನಿಂದ ತೆಗೆದ ದ್ರವದ ಪರೀಕ್ಷೆ ಮಾಡುತ್ತಾರೆ. ಆ ದ್ರವದ ಒಂದು ಹೊಸ ಪರೀಕ್ಷೆ ನಾನು ಹೇಳಿದ ಹೆಪ್ಪಿನ ಗುಣವನ್ನೇ ಬಳಸುತ್ತದೆ. ಒಳ್ಳೆಯ ಪ್ರೋಟೀನಿಗೆ ರೋಗಿಯ ದ್ರವದ ಹನಿ ಸೇರಿಸಿದಾಗ ಅದು ‘ಹೆಪ್ಪುಗಟ್ಟಿದರೆ’ ರೋಗ ಇದೆ ಎಂದರ್ಥ. ಕಬ್ಬಿಣವನ್ನು ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಸಿಜೆಡಿ ರೋಗಿಗಳ ಈ ದ್ರವದಲ್ಲಿ ಕಡಿಮೆ ಇರುತ್ತದೆ ಎಂದು ನೀನಾ ಸಿಂಗ್ ಅವರ ತಂಡ 2011ರಲ್ಲಿ ತೋರಿಸಿತು. ಲೋಹಗಳ ಏರುಪೇರು ಮದ್ದಾಗದಿದ್ದರೂ ರೋಗ ಗುರುತಿಸಲು ಸುಳಿವಾಗಬಹುದು.

ಈ ಪರೀಕ್ಷೆಗಳಿಂದ ದೊಡ್ಡ ಲಾಭ ಇನ್ನೊಂದಿದೆ. ವೇಗವಾಗಿ ಬರುವ ಮರೆವೆಲ್ಲ ಸಿಜೆಡಿ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಸೋಂಕು, ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿ ಬೀಳುವುದು, ಔಷಧಿಯ ವಿಷ, ಹೀಗೆ ಚಿಕಿತ್ಸೆಯಿರುವ ಕಾರಣಗಳು ಹಲವು. ಅವುಗಳಲ್ಲಿ ಒಂದು ಸಿಕ್ಕರೂ ಒಂದು ಜೀವ ಉಳಿಯಿತು.

ವೈದ್ಯರ ಹತ್ತಿರ ಹೋಗುವಾಗ ಎರಡು ಪಟ್ಟಿ ಒಯ್ಯಿರಿ. ರೋಗಿ ಯಾವ ಯಾವ ದೇಶದಲ್ಲಿ ಎಷ್ಟೆಷ್ಟು ವರ್ಷ ಇದ್ದರು ಎಂಬುದು ಒಂದು. ತಿನ್ನುತ್ತಿರುವ ಎಲ್ಲ ಮದ್ದುಗಳು, ಊರಿಂದ ಬ್ಯಾಗಿನಲ್ಲಿ ಬಂದ ಭಸ್ಮ, ಚೂರ್ಣ, ಲೇಹ್ಯ ಸೇರಿ, ಇನ್ನೊಂದು. ಅಮೆರಿಕದ ಬಾಸ್ಟನ್ ಸುತ್ತಮುತ್ತಲ ದಕ್ಷಿಣ ಏಷ್ಯಾದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲಿ ಪ್ರಕಟವಾಗಿದೆ. ಮುಚ್ಚಿಟ್ಟರೆ ನಷ್ಟ ನಮಗೇ.

ಒಂದು ವೇಳೆ ಸಿಜೆಡಿ ಎಂದೇ ಖಚಿತವಾದರೆ, ರೋಗಿಯನ್ನು ದೂರ ಇಡಬೇಡಿ. ಮುಟ್ಟುವುದರಿಂದ, ಜೊತೆಗೆ ಕೂತು ಉಣ್ಣುವುದರಿಂದ, ಸ್ನಾನ ಮಾಡಿಸುವುದರಿಂದ ಇದು ಹರಡುವುದಿಲ್ಲ. ಆ ಕೆಲವು ತಿಂಗಳಲ್ಲಿ ‘ಲೋಹ ತೆಗೆಸುತ್ತೇವೆ’, ‘ಲೋಹ ತುಂಬಿಸುತ್ತೇವೆ’ ಎನ್ನುವವರಿಗೆ ಸುರಿಯುವ ದಿನಾರುಗಳನ್ನು ಉಳಿಸಿ ವಿಮಾನದ ಟಿಕೆಟಿಗೆ ಹಾಕಿ. ಹಾಸಿಗೆಯ ಪಕ್ಕದಲ್ಲಿ ಮಕ್ಕಳು ಕುಳಿತಿರುವುದು, ನೋವು ಮತ್ತು ನಡುಕ ತಗ್ಗಿಸುವ ಔಷಧಿ, ಮೈಗೆ ಹುಣ್ಣಾಗದಂತೆ ಆರೈಕೆ, ಇವಿಷ್ಟೇ ಇಂದು ಆ ರೋಗಿಗೆ ನಿಜವಾಗಿ ಸಲ್ಲುವ ಚಿಕಿತ್ಸೆ.

ಹುಳಿ ಪದಾರ್ಥವನ್ನು ಬರೀ ತಾಮ್ರದ ಪಾತ್ರೆಯಲ್ಲಿ ಇಡಬಾರದು, ಕಲಾಯಿ ಹಾಕಿಸಿಯೇ ಬಳಸಬೇಕು ಎಂದು ನಮ್ಮ ಹಿರಿಯರು ಯಾವ ಪ್ರಯೋಗಾಲಯವೂ ಇಲ್ಲದೆ ಕಲಿತಿದ್ದರು. ತಾಮ್ರ ಕೆಟ್ಟದ್ದೆಂದು ಅವರು ಹೇಳಲಿಲ್ಲ, ಎಲ್ಲಿ ಹೇಗಿರಬೇಕೆಂದು ಹೇಳಿದರು. ಮಿದುಳಿನ ವಿಜ್ಞಾನವೂ ಲೋಹಗಳ ಬಗ್ಗೆ ಹೇಳುವುದು ಇದನ್ನೇ.  ಊರಿಗೊಂದು ಫೋನ್ ಮಾಡಿ, ಹಿರಿಯರ ಆರೋಗ್ಯ ವಿಚಾರಿಸಿ.